ಐದೂಕಾಲಲ್ಲಿ ಎರಡೂಮುಕ್ಕಾಲು ಹೋದ್ರೆ ಎಷ್ಟು? – ನನ್ನ ಅನುಭವ

ನಾನು ಮನೇಲೇ ಬ್ಲೌಸ್ ಹೊಲಿಯೋಳು, ಅರಸೀಕೆರೆ ಕಡೆ. ಮೆಷಿನ್ ಮುಂದೆ ಕೂತು ಹದಿನೈದು ವರ್ಷ ಆಯ್ತು. ಓದಿರೋದು ಎಸ್ಸೆಲ್ಸಿ, ಅದ್ರಲ್ಲೂ ಗಣಿತದಲ್ಲಿ ಬಂದಿದ್ದು ಸರಿಯಾಗಿ 35, ಆ ಮೂವತ್ತೈದೂ ಯಾರೋ ಪುಣ್ಯಾತ್ಮರು ಅಯ್ಯೋ ಪಾಪ ಅಂತ ಹಾಕಿದ್ದು ಅಂತ ನಂಗೆ ಈಗ್ಲೂ ಅನುಮಾನ. ಅಂಥೋಳು ಮಿಶ್ರ ಭಿನ್ನರಾಶಿ (ಐದೂಕಾಲು ಥರ, ಪೂರ್ಣ ಸಂಖ್ಯೆ ಜೊತೆ ಭಿನ್ನರಾಶಿನೂ ಇರೋದು) ಕಳೆಯೋ ಲೆಕ್ಕದ ಬಗ್ಗೆ ಬರೀತಿದೀನಿ ಅಂದ್ರೆ ನಂಗೇ ನಗು ಬರುತ್ತೆ, ಆದ್ರೆ ಮನೇಲಿ ಆರನೇ ಕ್ಲಾಸ್ ಮಕ್ಕಳಿರೋರಿಗೆ ಉಪಯೋಗಕ್ಕೆ ಬರ್ಬೋದು ಅಂತ.

ಮೊದ್ಲು ನಾನೇ ಬಿದ್ದ ಗುಂಡಿ ಹೇಳ್ಬಿಡ್ತೀನಿ. ಒಬ್ರು ಅಕ್ಕ ಸೀರೆ ಜೊತೆ ಬಂದಿದ್ದ ಬ್ಲೌಸ್ ಪೀಸ್ ಕೊಟ್ಟು ಹೋಗಿದ್ರು. 80 ಸೆಂಟಿಮೀಟರ್ ಬಟ್ಟೆ, ಇಂಚಿನ ಲೆಕ್ಕದಲ್ಲಿ 31½. ಆಮೇಲೆ ಫೋನ್ ಮಾಡಿ, ತ್ರೀ ಫೋರ್ತ್ ತೋಳು ಬರುತ್ತೇನಮ್ಮ ಇದ್ರಲ್ಲಿ ಅಂದ್ರು. ನಾನು ಒಲೆ ಮೇಲೆ ಸಾರು ಇಟ್ಟಿದ್ದೆ, ಬಟ್ಟೆ ಹಾಸಿ ನೋಡೋಕೆ ಸೋಮಾರಿತನ, ಅಳತೆ ಬುಕ್ಕಲ್ಲೇ ಲೆಕ್ಕ ಹಾಕ್ದೆ. ಬಾಡಿ ಉದ್ದ 15, ಭುಜದ ಹೊಲಿಗೆಗೂ ಕೆಳಗಿನ ಮಡಿಕೆಗೂ ಸೇರಿ 1¾, ಒಟ್ಟು 16¾. ಮೂವತ್ತೊಂದೂವರೇಲಿ ಹದಿನಾರೂಮುಕ್ಕಾಲು ಹೋದ್ರೆ? 31ರಲ್ಲಿ 16 ಹೋದ್ರೆ 15, ಅರ್ಧಕ್ಕೂ ಮುಕ್ಕಾಲಿಗೂ ಕಾಲು ವ್ಯತ್ಯಾಸ, ಅಲ್ಲಿಗೆ ಹದಿನೈದೂಕಾಲು. ತೋಳಿಗೆ ಬೇಕಾಗಿದ್ದು 13¾, ಮಡಿಕೆ 1½, ಒಟ್ಟು ಸರಿಯಾಗಿ ಹದಿನೈದೂಕಾಲು! ಆಹಾ, ಬರುತ್ತೆ ಅಕ್ಕ, ದೇವ್ರು ಅಳತೆ ಮಾಡಿ ಕೊಟ್ಟಂಗಿದೆ ಅಂದೆ.

ಬಾಡಿ ಕಟ್ ಮಾಡಿ ಮಿಕ್ಕಿದ್ದಕ್ಕೆ ಟೇಪ್ ಹಿಡಿದ್ರೆ 14¾. ಅರ್ಧ ಇಂಚು ಎಲ್ಲಿ ಹೋಯ್ತು? ಅಂಗಡಿಯೋರು ಬಟ್ಟೆ ಕಮ್ಮಿ ಕೊಟ್ಟಿದಾರೆ ಅಂತ ಸುಮ್ನೆ ಅವ್ರನ್ನ ಬೈಕೊಂಡೆ, ಆಮೇಲೆ ತೋಳಿನ ತುದಿಗೆ ಮಡಿಕೆ ಬದ್ಲು ಒಳಗಡೆ ಬೇರೆ ಪಟ್ಟಿ ಕೊಟ್ಟು ಮರ್ಯಾದೆ ಉಳಿಸ್ಕೊಂಡೆ. ಬಟ್ಟೆದು ತಪ್ಪಲ್ಲ ನನ್ನ ಲೆಕ್ಕದ್ದೇ ತಪ್ಪು ಅಂತ ಗೊತ್ತಾಗಿದ್ದು ಅದಾದ ಎಷ್ಟೋ ವರ್ಷಕ್ಕೆ, ಮಗ ಆರನೇ ಕ್ಲಾಸಿಗೆ ಬಂದ್ಮೇಲೆ.

ಅವತ್ತು ಹೋಂವರ್ಕಲ್ಲಿ 5¼ − 2¾ ಇತ್ತು. ಅವನು ಬರ್ದಿದ್ದ 3½, ಟೀಚರ್ ಕೆಂಪು ಪೆನ್ನಲ್ಲಿ ರೌಂಡ್ ಹಾಕಿದ್ರು. ಹೆಂಗೋ ಮಾಡ್ದೆ ಅಂದ್ರೆ, ಐದರಲ್ಲಿ ಎರಡು ಹೋದ್ರೆ ಮೂರು, ಮುಕ್ಕಾಲಲ್ಲಿ ಕಾಲು ಹೋದ್ರೆ ಅರ್ಧ, ಮೂರೂವರೆ ಅಂದ. ಕೇಳಿದ್ ತಕ್ಷಣ ನಂಗೆ ಆ ತೋಳು ಜ್ಞಾಪಕ ಬಂತು ನೋಡಿ. ಅದೇ ತಪ್ಪು! ಮೊದಲನೇ ಸಂಖ್ಯೆಯಿಂದ ಎರಡನೇದು ಕಳೀಬೇಕು, ನಾವಿಬ್ರೂ ದೊಡ್ಡದ್ರಲ್ಲಿ ಚಿಕ್ಕದು ಕಳೆದು ಕೂತಿದ್ವಿ, ಯಾವುದು ಯಾರದು ಅಂತ ನೋಡ್ಲೇ ಇಲ್ಲ.

ಟೇಪ್ ತಂದೆ. ಎರಡೂಮುಕ್ಕಾಲು ಹತ್ರ ಒಂದು ಬೆರಳು, ಐದೂಕಾಲು ಹತ್ರ ಇನ್ನೊಂದು ಬೆರಳು, ಮಧ್ಯ ಎಷ್ಟಿದೆ ಎಣಿಸು ಅಂದೆ. ಎರಡೂವರೆ ಬಂತು. ಉತ್ತರ ಏನೋ ಸಿಕ್ತು, ಆದ್ರೆ ಅವನು ಕೇಳಿದ್ದು ಸರಿಯಾದ ಪ್ರಶ್ನೆನೇ, ಪರೀಕ್ಷೆಗೆ ಟೇಪ್ ತಗೊಂಡೋಗೋಕೆ ಬಿಡ್ತಾರಾ ಅಂತ.

ಸರಿ, ಸಾಲ ತಗೋಬೇಕು ಅಂತ ಶುರು ಮಾಡ್ದೆ, ನಮ್ಗೆ ಸ್ಕೂಲಲ್ಲಿ ಹಂಗೇ ತಾನೆ ಹೇಳ್ಕೊಟ್ಟಿದ್ದು, ಪಕ್ಕದ ಮನೆಯಿಂದ ಸಾಲ ತರೋದು ಅಂತ. ಐದರ ಹತ್ರ ಒಂದು ಸಾಲ ತಗೊಂಡ್ರೆ ಅದು ನಾಲ್ಕಾಗುತ್ತೆ, ತಂದ ಒಂದನ್ನ ಕಾಲಿಗೆ ಕೊಡ್ಬೇಕು. ಅವನು ಏನ್ ಮಾಡ್ದ ಗೊತ್ತಾ, ಅಂಶದ ಜಾಗದಲ್ಲಿ, ಅಂದ್ರೆ ಭಿನ್ನರಾಶಿಯ ಗೆರೆ ಮೇಲಿದ್ದ 1ರ ಹಿಂದೆ ಇನ್ನೊಂದು 1 ಬರ್ದು 11/4 ಮಾಡ್ಬಿಟ್ಟ. ಅವನ ತಪ್ಪಲ್ಲ, ಮೂರನೇ ಕ್ಲಾಸಿಂದ ಸಾಲ ಅಂದ್ರೆ ಹತ್ತು ಅಂತಾನೇ ಅವನ ತಲೇಲಿ ಕೂತಿದೆ. ಹತ್ತಲ್ಲ ಕಣೋ ನಾಲ್ಕು ಅಂದ್ರೆ ಯಾಕೆ ಅಂತಾನೆ. ಯಾಕೆ ಅಂತ ನಂಗೂ ಬಾಯಿ ಬಿಟ್ಟು ಹೇಳೋಕೆ ಬರ್ಲಿಲ್ಲ.

ಪಕ್ಕದಲ್ಲಿ ನಮ್ಮತ್ತೆ ಹುರುಳಿಕಾಯಿ ಬಿಡಿಸ್ತಾ ಕೂತಿದ್ರು. ಅವ್ರು ಸ್ಕೂಲ್ ಮೆಟ್ಲು ಹತ್ತಿದೋರಲ್ಲ. ಏನಮ್ಮ ಅದು ಸಾಲ ಸಾಲ ಅಂತ, ಐದು ಸೇರು ಒಂದು ಪಾವು ಅಕ್ಕಿ ಇದೆ, ಎರಡು ಸೇರು ಮೂರು ಪಾವು ಕೊಡ್ಬೇಕು, ಅಷ್ಟೇ ತಾನೆ ಅಂದ್ರು. ಇರೋದು ಒಂದೇ ಪಾವು ಬಿಡಿ ಅಕ್ಕಿ, ಮೂರು ಪಾವು ಎಲ್ಲಿಂದ ಕೊಡ್ತೀಯ? ಒಂದು ಸೇರು ಸುರಿ, ನಾಲ್ಕು ಪಾವಾಗುತ್ತೆ, ಮೊದ್ಲಿದ್ದ ಒಂದು ಸೇರಿದ್ರೆ ಐದು ಪಾವು, ಅದ್ರಲ್ಲಿ ಮೂರು ಕೊಡು, ಎರಡು ಪಾವು ಉಳೀತು. ಆ ಕಡೆ ನಾಲ್ಕು ಸೇರಲ್ಲಿ ಎರಡು ಕೊಡು. ಎರಡು ಸೇರು ಎರಡು ಪಾವು, ಅಂದ್ರೆ ಎರಡೂವರೆ ಸೇರು. ಸಾಲ ಯಾಕೆ ಬೇಕು, ನಮ್ಮನೆ ಸೇರನ್ನೇ ನಾವು ಚಿಲ್ಲರೆ ಮಾಡ್ಕೊಂಡಿದ್ದು ಅಂದ್ರು.

ಅಷ್ಟೇ ರೀ. ನಂಗೆ ಹೊಳೀದೇ ಇದ್ದಿದ್ದು ಇಷ್ಟೇ. ಸಾಲ ಅನ್ನೋ ಮಾತೇ ದಾರಿ ತಪ್ಪಿಸಿದ್ದು. ನೂರರ ನೋಟು ಮುರಿಸಿದ್ರೆ ದುಡ್ಡು ಹೆಚ್ಚೂ ಆಗಲ್ಲ ಕಮ್ಮಿನೂ ಆಗಲ್ಲ, ಹಂಗೇ 5¼ನ 4 5/4 ಅಂತ ಬರೆದ್ರೆ ಅದು ಅಷ್ಟೇ ಇರುತ್ತೆ, ಕೊಡೋಕೆ ಅನುಕೂಲ ಆಗೋ ರೂಪಕ್ಕೆ ಬಂದಿರುತ್ತೆ. ಎಷ್ಟು ಚಿಲ್ಲರೆ ಸಿಗುತ್ತೆ ಅನ್ನೋದನ್ನ ಕೆಳಗಿನ ಛೇದನೇ ಹೇಳುತ್ತೆ. ಛೇದ 4 ಇದ್ರೆ ಒಂದಕ್ಕೆ ನಾಲ್ಕು, 8 ಇದ್ರೆ ಎಂಟು. ಹತ್ತು ಸಿಗೋದು ಛೇದ 10 ಇದ್ರೆ ಮಾತ್ರ.

ಇನ್ನೊಂದು, ನಮ್ ಭಾಷೇಲೇ ಐದೂಕಾಲು ಅಂತೀವಲ್ಲ, ಅಂದ್ರೆ ಐದೂ ಇದೆ ಜೊತೆಗೆ ಕಾಲೂ ಇದೆ ಅಂತ. ಪುಸ್ತಕದಲ್ಲಿ 5ರ ಪಕ್ಕ 1/4 ಬರೆದಿರ್ತಾರೆ, ಮಧ್ಯ ಪ್ಲಸ್ ಇರಲ್ಲ, ಮಕ್ಕಳಿಗೆ ಅದು ಕಾಣಲ್ಲ. ಬಾಯಲ್ಲಿ ಜೋರಾಗಿ ಓದಿಸಿ, ಎರಡೂ ಹೋಗ್ಬೇಕು, ಮುಕ್ಕಾಲೂ ಹೋಗ್ಬೇಕು ಅಂತ. ಇದು ಯಾಕೆ ಹೇಳ್ದೆ ಅಂದ್ರೆ ಮಾರನೇ ದಿನ 6 − 2 5/8 ಕೊಟ್ರೆ ನಮ್ ಹುಡ್ಗ 4 5/8 ಬರ್ದ. ಕಳೀಬೇಕಾಗಿದ್ದ ಐದು ಎಂಟನ್ನ ಕಳೀದೇ ಹಂಗೇ ಕೆಳಗಿಳಿಸ್ಬಿಟ್ಟಿದಾನೆ. ಆರರಲ್ಲಿ ಎರಡೂ ಹೋಗಿ ಇನ್ನೂ ಸ್ವಲ್ಪ ಹೋಗ್ಬೇಕು ಅಂದ್ರೆ ನಾಲ್ಕಕ್ಕಿಂತ ಕಮ್ಮಿ ತಾನೆ ಉಳೀಬೇಕು, ನಿಂಗೆ ಹೆಂಗೋ ನಾಲ್ಕಕ್ಕಿಂತ ಜಾಸ್ತಿ ಬಂತು ಅಂದೆ, ನಾಲಿಗೆ ಕಚ್ಕೊಂಡ. 6 ಅಂದ್ರೆ 5 8/8, ಅದ್ರಲ್ಲಿ 2 5/8 ಹೋದ್ರೆ 3 3/8.

ಛೇದ ಬೇರೆ ಬೇರೆ ಇದ್ದಾಗ ಶುರುವಾಯ್ತು ನೋಡಿ ನಿಜವಾದ ಗೋಳು. 7⅓ − 4¾. ನನ್ನ ಟೇಪಲ್ಲಿ ಇಂಚಿಗೆ ಎಂಟು ಗೆರೆ, ಮೂರನೇ ಒಂದು ಭಾಗ ಅನ್ನೋ ಗೆರೆನೇ ಇಲ್ಲ. ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ, ಅಂದ್ರೆ ಎರಡೂ ಛೇದದಿಂದ ಸರಿಯಾಗಿ ಭಾಗ ಆಗೋ ಅತಿ ಚಿಕ್ಕ ಸಂಖ್ಯೆ) 12 ಅಂತ ಅವನೇ ಹೇಳ್ದ, ಆದ್ರೆ ಆ ಹನ್ನೆರಡು ಯಾಕೆ ಬೇಕು ಅಂತ ಅವನಿಗೂ ಗೊತ್ತಿಲ್ಲ ನಂಗೂ ಗೊತ್ತಿಲ್ಲ. ರಾತ್ರಿ ಮಲಗಿದ್ದಾಗ ಹೊಳೀತು, ಅಡಿಗೆ ಹನ್ನೆರಡು ಇಂಚು! ಏಳು ಅಡಿ ಮತ್ತೆ ಮೂರನೇ ಒಂದು ಅಡಿ ಅಂದ್ರೆ 7 ಅಡಿ 4 ಇಂಚು, ನಾಲ್ಕೂಮುಕ್ಕಾಲು ಅಡಿ ಅಂದ್ರೆ 4 ಅಡಿ 9 ಇಂಚು. ಎರಡೂ ಇಂಚಿಗೆ ಬಂದ್ವು, ಅಂದ್ರೆ ಎರಡೂ ಒಂದೇ ಚಿಲ್ಲರೆಗೆ ಬಂದ್ವು, ಲಸಾಅ ಮಾಡೋ ಕೆಲ್ಸ ಅದೇ. ಈಗ 4 ಇಂಚಲ್ಲಿ 9 ಹೋಗಲ್ಲ, ಒಂದು ಅಡಿ ಮುರಿದ್ರೆ 12 ಇಂಚು, ನಾಲ್ಕು ಸೇರಿ 16, ಅದ್ರಲ್ಲಿ 9 ಹೋದ್ರೆ 7. ಆರಡೀಲಿ ನಾಲ್ಕು ಹೋದ್ರೆ ಎರಡು. 2 ಅಡಿ 7 ಇಂಚು, ಪುಸ್ತಕದ ಭಾಷೇಲಿ 2 7/12. ಬೆಳಿಗ್ಗೆ ಇದನ್ನ ಗೋಡೆ ಮೇಲೆ ಗೆರೆ ಎಳೆದು ತೋರಿಸ್ದೆ, ಗೋಡೆ ಇನ್ನೂ ಹಂಗೇ ಇದೆ. ಅವನು ಟೀಚರ್ ಹತ್ರ ಹೇಳಿದಾಗ ಅವ್ರು, ನಮ್ ಕನ್ನಡ ನಾಡಲ್ಲೇ ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಅನ್ನೋರು ಈ ಲಸಾಅಗೆ ನಿರುದ್ಧ ಅಂತ ಹೆಸ್ರಿಟ್ಟು ಭಿನ್ನರಾಶಿ ಲೆಕ್ಕಕ್ಕೆ ಬಳಸಿದ್ರು ಅಂದ್ರಂತೆ. ಸಾವಿರ ವರ್ಷದ ಹಿಂದಿನ ಮಕ್ಕಳಿಗೂ ಇದೇ ಗೋಳು ಅಂತ ಕೇಳಿ ಇವನಿಗೆ ಸ್ವಲ್ಪ ಸಮಾಧಾನ ಆಯ್ತು.

ಟೀಚರ್ ಹೇಳ್ಕೊಟ್ಟಿದ್ದು ಇನ್ನೊಂದು ದಾರಿ, ಎಲ್ಲಾನೂ ವಿಷಮ ಭಿನ್ನರಾಶಿ, ಅಂದ್ರೆ ಅಂಶನೇ ಛೇದಕ್ಕಿಂತ ದೊಡ್ಡದಾಗಿರೋ ಭಿನ್ನರಾಶಿ ಮಾಡ್ಬಿಡೋದು. 5¼ ಅಂದ್ರೆ 21/4, 2¾ ಅಂದ್ರೆ 11/4, ಕಳೆದ್ರೆ 10/4, ಅಂದ್ರೆ ಎರಡೂವರೆ. ಇದ್ರಲ್ಲಿ ಮುರಿಸೋ ತಾಪತ್ರಯನೇ ಇಲ್ಲ, ಚಿಕ್ಕ ಅಂಕಿಗೆ ಚೆನ್ನಾಗಿದೆ, ಪರೀಕ್ಷೇಲಿ ಸೇಫ್ ಅಂತಾರೆ. ಆದ್ರೆ ನನ್ನ ಬ್ಲೌಸ್ ಪೀಸಿಗೆ ಮಾಡಿ ನೋಡಿ, 63/2, 67/4, ಮೊದ್ಲನೇದನ್ನ 126/4 ಮಾಡ್ಬೇಕು, ಕಳೆದ್ರೆ 59/4, ಅದನ್ನ ಮತ್ತೆ ನಾಲ್ಕರಿಂದ ಭಾಗಿಸಿ 14¾. ಅಷ್ಟೊತ್ತಿಗೆ ಸಾರು ಉಕ್ಕಿರುತ್ತೆ. ಮುರಿಸೋ ದಾರೀಲಿ 31½ ಅಂದ್ರೆ 31 2/4, ಮುರಿಸಿದ್ರೆ 30 6/4, ಅದ್ರಲ್ಲಿ 16 3/4 ಹೋದ್ರೆ 14 3/4, ಒಂದೇ ಸಾಲು. ಇಬ್ರೂ ಇನ್ನೂ ಜಗಳ ಆಡ್ತೀವಿ ಇದ್ರ ಮೇಲೆ, ಅವನಿಗೆ ಟೀಚರ್ ದಾರಿನೇ ಇಷ್ಟ.

ನಾನು ಬಾಯಿ ಲೆಕ್ಕಕ್ಕೆ ಮಾಡೋದು ಇವೆರಡೂ ಅಲ್ಲ, ಅಂಗಡಿಯೋರು ಚಿಲ್ಲರೆ ಎಣಿಸಿ ಕೊಡೋ ಥರ ಕೆಳಗಿಂದ ಮೇಲಕ್ಕೆ ಹೋಗೋದು. ಹದಿನಾರೂಮುಕ್ಕಾಲಿಗೆ ಕಾಲು ಹಾಕಿದ್ರೆ 17, ಅಲ್ಲಿಂದ 31ಕ್ಕೆ 14, ಮೇಲಿನ ಅರ್ಧ, ಒಟ್ಟು 14¾. ಫೋನಲ್ಲಿ ಮಾತಾಡ್ತಾನೇ ಮಾಡ್ಬೋದು. ಇದನ್ನ ಅವನಿಗೆ ಉತ್ತರ ತಾಳೆ ನೋಡೋಕೆ ಮಾತ್ರ ಇಟ್ಕೋ ಅಂದಿದೀನಿ, ಯಾಕಂದ್ರೆ ಪರೀಕ್ಷೇಲಿ ಹಂತ ಹಂತವಾಗಿ ಬರೀದೇ ಇದ್ರೆ ಮಾರ್ಕ್ಸ್ ಕಟ್.

ಹೋದ ವಾರ ಒಬ್ರು ಪುಟ್ಟ ಹುಡುಗಿಗೆ ಲಂಗ ಬ್ಲೌಸ್ ಅಂತ ಒಂದು ಮೀಟರ್ ಬಟ್ಟೆ ತಂದಿದ್ರು. ಮೀಟರ್ ಅಂದ್ರೆ ಹತ್ತಿರ ಹತ್ತಿರ 39 3/8 ಇಂಚು. ಲಂಗದ ಉದ್ದ ಮಡಿಕೆ ಎಲ್ಲ ಸೇರಿ 22 5/8. ಬ್ಲೌಸಿಗೆ ಎಷ್ಟು ಉಳಿಯುತ್ತೋ ನೋಡೋ ಅಂತ ಕೂಗಿದೆ. ಒಳಗಡೆಯಿಂದ್ಲೇ, 38 11/8ರಲ್ಲಿ 22 5/8 ಹೋದ್ರೆ 16 6/8 ಅಂತ ಬಂತು ಉತ್ತರ. ಸಂಕ್ಷಿಪ್ತ ರೂಪಕ್ಕೆ ತರ್ಬೇಕಲ್ವೇನೋ, ಮುಕ್ಕಾಲು ಅನ್ನು ಅಂದೆ. ಅಮ್ಮಾ, ಟೇಪಲ್ಲಿ ಆರು ಎಂಟಕ್ಕೂ ಮುಕ್ಕಾಲಿಗೂ ಒಂದೇ ಗೆರೆ ಕಣಮ್ಮ, ಸುಮ್ನೆ ಕಟ್ ಮಾಡು ಅಂದ.