ಚಮಚವನ್ನು ತೂಗಿ ನೋಡಿದ ಮೇಲೆ: ಸಕ್ಕರೆ, ಸಿಹಿಮಾತ್ರೆ ಮತ್ತು ನಾನು

ಮೂರು ತಿಂಗಳ ಸರಾಸರಿ ರಕ್ತಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನನಗೆ 6.1 ಬಂದಾಗ, 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು ಎಂದು ವೈದ್ಯರು ವಿವರಿಸಿದರು. ತೂಕ ಇಳಿಸಬೇಕು, ಸಕ್ಕರೆ ಕಡಿಮೆ ಮಾಡಬೇಕು ಎಂದರು. ಸಿಹಿತಿಂಡಿಯ ಗೀಳಿಲ್ಲದ ನನಗೆ ಕಡಿಮೆ ಮಾಡಲು ಏನಿದೆ ಎಂಬುದೇ ತಿಳಿಯಲಿಲ್ಲ. ಮನೆಗೆ ಬಂದವನೇ ಅಡುಗೆಮನೆಯ ತಕ್ಕಡಿಯ ಮೇಲೆ ಚಹಾದ ಚಮಚವನ್ನಿಟ್ಟೆ. ಅಂಚಿಗೆ ಸಮನಾಗಿ ಸವರಿದರೆ ಅದರಲ್ಲಿ 4 ಗ್ರಾಂ ಸಕ್ಕರೆ ಹಿಡಿಯುತ್ತದೆ. ಆದರೆ ನಾನು ದಿನವೂ ಡಬ್ಬಿಯಿಂದ ತೆಗೆಯುವಂತೆ ರಾಶಿಯಾಗಿ ತೆಗೆದಾಗ ತಕ್ಕಡಿ 7 ಗ್ರಾಂ ತೋರಿಸಿತು. ಲೋಟಕ್ಕೆ ಎರಡು ಚಮಚ, ದಿನಕ್ಕೆ ನಾಲ್ಕು ಲೋಟ. ಒಟ್ಟು 56 ಗ್ರಾಂ. ಹೊರಗಿನಿಂದ ಸೇರಿಸಿದ ಸಕ್ಕರೆ ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. 2,000 ಕ್ಯಾಲೊರಿಯ ಊಟಕ್ಕೆ ಅದು 50 ಮತ್ತು 25 ಗ್ರಾಂ ಆಗುತ್ತದೆ. ಊಟ ತಿಂಡಿಯನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ ಚಹಾ ಒಂದೇ ನನ್ನನ್ನು ಮೇಲಿನ ಗೆರೆಯಾಚೆ ದಾಟಿಸಿತ್ತು.

ಮರುದಿನದಿಂದಲೇ ಸಿಹಿಮಾತ್ರೆಗೆ ಬದಲಾದೆ. ಮೊದಲು ತಂದದ್ದು ಸ್ಯಾಕರಿನ್. 1879ರಷ್ಟು ಹಿಂದೆಯೇ ಕಂಡುಹಿಡಿಯಲಾದ ಈ ವಸ್ತು ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ, ಆದರೆ ಗುಟುಕು ಇಳಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಲೋಹ ನೆಕ್ಕಿದಂಥ ಕಹಿ ಉಳಿಯುತ್ತಿತ್ತು. ಆಮೇಲೆ ಆಸ್ಪರ್ಟೇಮ್ ತಂದೆ. ಅದರ ರುಚಿ ಸಕ್ಕರೆಗೆ ಹತ್ತಿರ, ಆದರೆ ಹೆಚ್ಚು ಹೊತ್ತು ಕುದಿಸಿದರೆ ಒಡೆದು ಸಿಹಿಯನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಒಲೆಯ ಮೇಲಿನ ಪಾತ್ರೆಗೆ ಹಾಕದೆ, ಲೋಟಕ್ಕೆ ಬಗ್ಗಿಸಿದ ಮೇಲೆ ಹಾಕುವುದನ್ನು ಕಲಿತೆ. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುರೋಗ ಇರುವವರು ಇದನ್ನು ಬಳಸಬಾರದು. ಆಸ್ಪರ್ಟೇಮ್ ಒಡೆದಾಗ ಬರುವ ಫಿನೈಲಲನಿನ್ ಎಂಬ ಅಮೈನೋ ಆಮ್ಲವನ್ನು ಅವರ ದೇಹ ಅರಗಿಸಲಾರದು; ಪೊಟ್ಟಣದ ಮೇಲಿನ ಫಿನೈಲಲನಿನ್ ಎಚ್ಚರಿಕೆ ಅವರಿಗಾಗಿಯೇ ಇರುವುದು.

2023ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಪರ್ಟೇಮ್ ಅನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳ’ 2ಬಿ ಗುಂಪಿಗೆ ಸೇರಿಸಿದ ಸುದ್ದಿ ಬಂದಾಗ ಮನೆಯವರೆಲ್ಲ ಗಾಬರಿಯಾದರು. ಆ ವರ್ಗೀಕರಣ ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆಯೇ ಹೊರತು, ಎಷ್ಟು ತಿಂದರೆ ಎಷ್ಟು ಅಪಾಯ ಎಂಬುದನ್ನಲ್ಲ. ಪ್ರಮಾಣವನ್ನು ಪರಿಶೀಲಿಸುವ ಇನ್ನೊಂದು ತಜ್ಞ ಸಮಿತಿ ಅದೇ ಹೊತ್ತಿನಲ್ಲಿ ದೇಹತೂಕದ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. ನನ್ನಂಥ 70 ಕಿಲೋದವನಿಗೆ ಅದು 2,800 ಮಿಲಿಗ್ರಾಂ. ನನ್ನ ದಿನದ ಮಾತ್ರೆಗಳು ಅದರ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ.

ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚಿದ್ದು ಬೇರೆಯದೇ. ಎರಡು ತಿಂಗಳಾದರೂ ನಾಲಿಗೆ ಒಂದಿಷ್ಟೂ ಬದಲಾಗಿರಲಿಲ್ಲ. ಮಾತ್ರೆ ಮುಗಿದ ದಿನ ಸಕ್ಕರೆ ಹಾಕಿದರೆ ಮತ್ತೆ ಅದೇ ಎರಡು ರಾಶಿ ಚಮಚ ಬೇಕೆನಿಸುತ್ತಿತ್ತು; ಚಹಾದಲ್ಲಿ ಸಕ್ಕರೆ ಬಿಟ್ಟಿದ್ದೇನಲ್ಲ ಎಂಬ ಸಮಾಧಾನದಲ್ಲಿ ಸಂಜೆ ಬಿಸ್ಕತ್ತು ಎರಡರಿಂದ ನಾಲ್ಕಾಗಿತ್ತು. ತೂಕ ನಿಯಂತ್ರಣಕ್ಕಾಗಿ ಇಂಥ ಸಿಹಿಕಾರಕಗಳನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇನಲ್ಲಿ ಕೊಟ್ಟ ಸಲಹೆಯನ್ನು ಓದಿದಾಗ ಈ ಬಿಸ್ಕತ್ತುಗಳೇ ನೆನಪಾದವು. (ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ.) ಆಮೇಲೆ ದಾರಿ ಬದಲಿಸಿ ಸಕ್ಕರೆಗೇ ಮರಳಿದೆ, ಆದರೆ ಸವರಿದ ಚಮಚದಲ್ಲಿ ಅಳೆದು, ಎರಡು ವಾರಕ್ಕೊಮ್ಮೆ ಅರ್ಧ ಚಮಚ ಇಳಿಸುತ್ತಾ ಬಂದೆ. ಪ್ರತಿ ಇಳಿತದ ಮೊದಲ ಮೂರು ನಾಲ್ಕು ದಿನ ಚಹಾ ಸಪ್ಪೆ ಎನಿಸಿ, ಆಮೇಲೆ ಹೊಂದಿಕೊಳ್ಳುತ್ತಿತ್ತು. ಅರ್ಧ ಚಮಚಕ್ಕೆ ಬಂದು ನಿಂತ ಮೇಲೆ ಬೇರೆಯವರ ಮನೆಯ ಚಹಾವನ್ನು ಪೂರ್ತಿ ಕುಡಿಯುವುದೇ ಕಷ್ಟವಾಗತೊಡಗಿತು.

ಪೊಟ್ಟಣಗಳ ಹಿಂಬದಿ ಓದುವ ಅಭ್ಯಾಸವೂ ಇದೇ ಅವಧಿಯಲ್ಲಿ ಬಂತು. ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಹೈ ಫ್ರಕ್ಟೋಸ್ ಕಾರ್ನ್ ಸಿರಪ್ ಎಂಬ ಸಕ್ಕರೆಯ ಬೇರೆ ಬೇರೆ ಹೆಸರುಗಳು ಸಾಸಿನಲ್ಲಿ, ಬ್ರೆಡ್ಡಿನಲ್ಲಿ, ‘ಆರೋಗ್ಯಕರ’ ಎಂದು ಬರೆದ ಧಾನ್ಯದ ಬಾರ್‌ನಲ್ಲಿ ಕೂಡ ಸಿಕ್ಕವು. ಕಾರ್ನ್ ಸಿರಪ್ ವಿಷ, ಸಕ್ಕರೆ ಸಹಜ ಎಂಬ ಮಾತನ್ನು ನಾನೂ ನಂಬಿದ್ದೆ. ಮೆಕ್ಕೆಜೋಳದ ಪಿಷ್ಟವನ್ನು ಒಡೆದರೆ ಗ್ಲೂಕೋಸ್ ಸಿಗುತ್ತದೆ. ಅದರಲ್ಲೊಂದು ಭಾಗವನ್ನು ಕಿಣ್ವದಿಂದ ಫ್ರಕ್ಟೋಸ್ ಆಗಿ ಬದಲಿಸಿದಾಗ ಈ ಸಿರಪ್ ಸಿದ್ಧವಾಗುತ್ತದೆ. ತಂಪು ಪಾನೀಯಗಳಿಗೆ ಬಳಸುವ ಬಗೆಯ ಸಕ್ಕರೆಯಂಶದಲ್ಲಿ ಫ್ರಕ್ಟೋಸ್ ಶೇ. 55, ಇನ್ನೊಂದು ಬಗೆಯಲ್ಲಿ ಶೇ. 42, ಮನೆಯ ಸಕ್ಕರೆಯಲ್ಲಿ ಶೇ. 50. ಒಳಗೆ ಹೋದ ಮೇಲೆ ಇವುಗಳ ನಡುವೆ ದೊಡ್ಡ ಅಂತರವೇನೂ ಇಲ್ಲ. 330 ಮಿಲಿಲೀಟರಿನ ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಅದು ಯಾವ ಗಿಡದಿಂದ ಬಂತು ಎಂಬುದಕ್ಕಿಂತ ಆ 35 ಎಂಬ ಅಂಕಿಯೇ ನನಗೆ ಮುಖ್ಯವಾಯಿತು. ‘ಸಕ್ಕರೆರಹಿತ’ ಬಿಸ್ಕತ್ತಿನಲ್ಲೂ ಮಾಲ್ಟಿಟಾಲ್ ಎಂಬ ಸಿಹಿಕಾರಕ ಇತ್ತು. ಅದರಲ್ಲಿ ಕ್ಯಾಲೊರಿ ಸಕ್ಕರೆಯ ಅರ್ಧದಷ್ಟು ಇದ್ದೇ ಇರುತ್ತದೆ. ಒಂದೇ ಸಂಜೆ ಅರ್ಧ ಪೊಟ್ಟಣ ತಿಂದು ಹೊಟ್ಟೆಯುಬ್ಬರದಿಂದ ರಾತ್ರಿಯಿಡೀ ನರಳಿದೆ.

ಕೇಕಿನಲ್ಲೂ ಸಿಹಿಕಾರಕವನ್ನು ಪೂರ್ತಿ ಕೈಬಿಟ್ಟೆ. ಸುಕ್ರಲೋಸ್ ಬಿಸಿ ತಾಳುತ್ತದೆ ಎಂಬ ಧೈರ್ಯದಿಂದ ಸಕ್ಕರೆಯ ಬದಲು ಅದನ್ನು ಚಿಟಿಕೆಯಷ್ಟು ಹಾಕಿದ್ದೆ. ಸಿಹಿಯೇನೋ ಸರಿಯಾಗಿತ್ತು, ಆದರೆ ಕೇಕು ಬಿಳಿಚಿಕೊಂಡು, ಹಲಗೆಯಂತೆ ಗಟ್ಟಿಯಾಗಿ, ಮರುದಿನಕ್ಕೆ ಪುಡಿಪುಡಿಯಾಯಿತು. ಬೆಣ್ಣೆಯೊಂದಿಗೆ ನಾದುವಾಗ ಗಾಳಿಯನ್ನು ಒಳಗೊಳ್ಳುವುದು, ತೇವವನ್ನು ಹಿಡಿದಿಡುವುದು, ಮೇಲ್ಪದರಕ್ಕೆ ಕಂದು ಬಣ್ಣ ಕೊಡುವುದು, ಇವೆಲ್ಲವೂ ಸಕ್ಕರೆಯ ಕೆಲಸವೇ. ಈಗ ಸಕ್ಕರೆಯನ್ನೇ ಬಳಸುತ್ತೇನೆ, ಕಾಲುಭಾಗ ಕಡಿಮೆ ಮಾಡಿ.

ಐದು ತಿಂಗಳ ನಂತರ ಎಚ್‌ಬಿಎ1ಸಿ 5.7ಕ್ಕೆ ಇಳಿಯಿತು. ಅಷ್ಟರಲ್ಲಿ ನಡಿಗೆಯನ್ನೂ ಆರಂಭಿಸಿದ್ದರಿಂದ ಅದರಲ್ಲಿ ಸಕ್ಕರೆಯ ಪಾಲೆಷ್ಟು ಎಂದು ಬೇರ್ಪಡಿಸಲಾರೆ.

ಸಿಹಿಮಾತ್ರೆ ಈಗಲೂ ಮನೆಯಲ್ಲಿದೆ. ಇನ್ಸುಲಿನ್ ತೆಗೆದುಕೊಳ್ಳುವ ನನ್ನ ತಾಯಿಗೆ ಅದು ಬೇಕು. ಒಂದು ಮಧ್ಯಾಹ್ನ ಅವರು ಬೆವರಿ ನಡುಗುತ್ತಿದ್ದಾಗ ರಕ್ತದ ಸಕ್ಕರೆ ತೀರಾ ಇಳಿದು ಗ್ಲೂಕೋಮೀಟರ್ 58 ತೋರಿಸಿತು, ನಾನು ಅವಸರದಲ್ಲಿ ಮೇಜಿನ ಮೇಲಿದ್ದ ಅವರದೇ ಲಿಂಬೆ ಪಾನಕವನ್ನು ತುಟಿಗೆ ಹಿಡಿದೆ. ಎರಡು ಗುಟುಕು ಇಳಿದ ಮೇಲೆ ಹೊಳೆಯಿತು, ಅದಕ್ಕೆ ಹಾಕಿದ್ದು ಮಾತ್ರೆ, ಅದರಿಂದ ರಕ್ತದ ಸಕ್ಕರೆ ಒಂದು ಅಂಕಿಯೂ ಏರದು. ಓಡಿಹೋಗಿ ನಾಲ್ಕು ಚಮಚ ಸಕ್ಕರೆಯನ್ನು ನೀರಿಗೆ ಕಲಕಿ ಕುಡಿಸಿದೆ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿದಾಗ 84 ಆಗಿತ್ತು. ಅಂದಿನಿಂದ ಅವರ ಹಾಸಿಗೆಯ ಪಕ್ಕದಲ್ಲಿ ಒಂದು ಸಣ್ಣ ಸಕ್ಕರೆ ಡಬ್ಬಿ ಇರುತ್ತದೆ, ಮಾತ್ರೆಯ ಡಬ್ಬಿಯ ಮೇಲೆ ‘ಇದು ಸಕ್ಕರೆಯಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ.