ಬೋರಿನ ನೀರು, ಮಳೆಯ ನೀರು ಮತ್ತು ಡಿಸ್ಕಸ್ ಮರಿಗಳು: ನನ್ನ ಅನುಭವ

ಗದಗಿನ ಬೋರಿನ ನೀರಿನಲ್ಲಿ ಗಪ್ಪಿ, ಮೋಲಿಗಳನ್ನು ಬಿಟ್ಟರೆ ಬೇರಾವ ಮೀನೂ ಮರಿ ಮಾಡುವುದಿಲ್ಲವೆಂದು ಹುಬ್ಬಳ್ಳಿಯ ಮೀನಿನ ಅಂಗಡಿಯವರೂ ಬೆಟಗೇರಿಯ ಗೆಳೆಯರೂ ಹೇಳುತ್ತಲೇ ಬಂದಿದ್ದರು. ಈಗ ನನ್ನ 200 ಲೀಟರಿನ ಟ್ಯಾಂಕಿನಲ್ಲಿ ಮೆದು ನೀರು ಬೇಡುವ ಡಿಸ್ಕಸ್ ಮೀನಿನ ಮೂವತ್ತು ನಲವತ್ತು ಮರಿಗಳು ತಂದೆತಾಯಿಯ ಮೈಗೆ ಅಂಟಿಕೊಂಡು ಲೋಳೆ ಮೇಯುತ್ತಿವೆ.

ನಮ್ಮ ಬೋರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಸುಮಾರು 1200 ಪಿಪಿಎಂ, ಜಿಎಚ್ (ಒಟ್ಟು ಗಡಸುತನ) 24 ಡಿಗ್ರಿ, ಕೆಎಚ್ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್ ಅಂಶ) 18 ಡಿಗ್ರಿಯ ಆಸುಪಾಸು. ಇಂಥ ನೀರಿನಲ್ಲಿ ದೊಡ್ಡ ಮೀನು ಬದುಕುತ್ತದೆ, ಆದರೆ ಇಟ್ಟ ಮೊಟ್ಟೆಗಳು ಎರಡು ದಿನದೊಳಗೆ ಬೆಳ್ಳಗಾಗುತ್ತವೆ. ಫಾಸ್ಫರಿಕ್ ಆಮ್ಲ ಹಾಕಿ ಸಂಜೆ 6.8ಕ್ಕೆ ಇಳಿಸಿದ ಪಿಎಚ್, ಅಷ್ಟು ಕೆಎಚ್ ಇರುವುದರಿಂದ, ಬೆಳಗಾಗುವಷ್ಟರಲ್ಲಿ ಮತ್ತೆ 8ರ ಹತ್ತಿರ ಬಂದು ನಿಲ್ಲುತ್ತಿತ್ತು. ಈ ಏರಿಳಿತಕ್ಕೆ ಮೀನುಗಳು ಕಪ್ಪಾಗಿ ಮೂಲೆ ಸೇರುತ್ತಿದ್ದವು. ಕಾಡುಬಾದಾಮಿಯ ಎಲೆಗಳಿಂದ ನೀರಿಗೆ ಬಣ್ಣ ಬಂತೇ ಹೊರತು ಪಿಎಚ್ ಕದಲಲಿಲ್ಲ. ಎಂಟೊಂಬತ್ತು ಸಾವಿರ ಕೊಟ್ಟು ತಂದ ಆರ್‌ಓ ಯಂತ್ರ ಕೆಲಸವನ್ನೇನೋ ಮಾಡಿತು. ಆದರೆ ಒಂದು ಲೀಟರಿಗೆ ಮೂರು ಲೀಟರು ಚರಂಡಿಗೆ ಹೋಗುತ್ತಿತ್ತು, ಮೆಂಬ್ರೇನ್ ವರ್ಷ ತುಂಬುವ ಮೊದಲೇ ಕಟ್ಟಿಕೊಂಡು ಮತ್ತೆರಡು ಸಾವಿರ ಕೇಳಿತು. ನೀರಿನ ಬರವಿರುವ ಊರಿನಲ್ಲಿ ಹಾಗೆ ಚೆಲ್ಲಲು ನನಗೆ ಮನಸ್ಸು ಒಪ್ಪಲಿಲ್ಲ.

ಕೊನೆಗೆ ಕೈಹಿಡಿದದ್ದು ಮಳೆಯ ನೀರು. ಆರ್‌ಸಿಸಿ ಮಾಳಿಗೆಯಿಂದ ಹಿಡಿದ ನೀರಿನಲ್ಲಿ ಸಿಮೆಂಟಿನ ಸುಣ್ಣ ಕರಗಿ ಕೆಎಚ್ ಎರಡು ಮೂರು ಇರುತ್ತಿತ್ತು, ಅದೂ ಮಳೆಯಿಂದ ಮಳೆಗೆ ಬೇರೆ. ಹಿತ್ತಿಲಿನ ಬಣ್ಣ ಲೇಪಿಸಿದ ತಗಡಿನಿಂದ ಹಿಡಿದಾಗ ಸೊನ್ನೆ. ಸಾದಾ ಜಿಂಕ್ ತಗಡು ಬೇಡವೇ ಬೇಡ, ಸತು ಕರಗಿದರೆ ಮೀನಿಗೆ ವಿಷ. ತಗಡು 20 ಚದರ ಮೀಟರಿದ್ದರೆ 10 ಮಿಲಿಮೀಟರ್ ಮಳೆಗೆ 200 ಲೀಟರು, ಅಂದರೆ ಒಂದು ಡ್ರಮ್ಮು ತುಂಬುತ್ತದೆ. ರೋಹಿಣಿ ಮಳೆಯನ್ನು ಧೂಳು ತೊಳೆಯಲು ಬಿಟ್ಟು, ಮಿರಗದಿಂದ, ಅಂದರೆ ಮೃಗಶಿರಾ ಮಳೆಯಿಂದ, ಹಿಡಿಯುತ್ತೇನೆ. ಆಗಲೂ ಮೊದಲ ಕಾಲು ಗಂಟೆಯ ನೀರು ಗಿಡಗಳಿಗೆ.

ಒಂದು ಪಾಲು ಬೋರಿಗೆ ಐದು ಪಾಲು ಮಳೆಯ ನೀರು ಬೆರೆಸಿದರೆ ಕೆಎಚ್ 3, ಜಿಎಚ್ 4, ಟಿಡಿಎಸ್ 200ರ ಸುತ್ತ ಬರುತ್ತದೆ, ಪಿಎಚ್ ಬೋರಿನ ನೀರಿಗಿಂತ ಕೆಳಗೆ ನಿಲ್ಲುತ್ತದೆ. ಬರೀ ಮಳೆಯ ನೀರನ್ನೇ ತುಂಬಬಾರದೇಕೆ ಎಂದು ಕೇಳುವವರಿದ್ದಾರೆ. ಫಿಲ್ಟರಿನ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟಿ ಕೆಎಚ್ ತಿನ್ನುತ್ತದೆ. ತಿನ್ನಲು ಕೆಎಚ್ ಇಲ್ಲದಿದ್ದರೆ ಪಿಎಚ್ ಒಂದೇ ರಾತ್ರಿಯಲ್ಲಿ ಕುಸಿಯಬಹುದು. ಕೆಎಚ್ 2ಕ್ಕಿಂತ ಇಳಿದರೆ 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಕರಗಿಸಿ ಹಾಕುತ್ತೇನೆ, ಸುಮಾರು ಒಂದು ಡಿಗ್ರಿ ಏರುತ್ತದೆ. ಮೆದು ನೀರಿನ ಇನ್ನೊಂದು ಲಾಭವೂ ಇದೆ: 25 ಡಿಗ್ರಿ ಶಾಖದಲ್ಲಿ ಪಿಎಚ್ 8 ಇದ್ದಾಗ ಒಟ್ಟು ಅಮೋನಿಯದ ಶೇ. 5ರಷ್ಟು ವಿಷರೂಪದಲ್ಲಿರುತ್ತದೆ, ಪಿಎಚ್ 7ರಲ್ಲಿ ಅದು ಶೇ. ಅರ್ಧ ಮಾತ್ರ.

ಸುಣ್ಣದ ಅಂಶ ಕಡಿಮೆಯಿರುವ ಇದೇ ನೀರಿನಲ್ಲಿ ಆಪಲ್ ಸ್ನೇಲ್ ಎಂಬ ಬಸವನಹುಳುಗಳನ್ನು ಇಟ್ಟು ನೋಡಿದೆ, ತಿಂಗಳೆರಡರಲ್ಲಿ ಚಿಪ್ಪು ಸವೆದವು; ಗಪ್ಪಿಗಳಿರುವ ಬೋರಿನ ತೊಟ್ಟಿಗೆ ಹಾಕಿದ ಮೇಲೆ ಹೊಸ ಅಂಚು ಗಟ್ಟಿಯಾಗಿ ಬೆಳೆಯಿತು. ತುಂಗಭದ್ರೆಯ ನಲ್ಲಿ ನೀರನ್ನು ಹೈಪೋ (ಸೋಡಿಯಂ ಥಯೋಸಲ್ಫೇಟ್) ಹಾಕಿ ಕ್ಲೋರಿನ್ ತೆಗೆದು ಬಳಸಿದೆ. ಅದು ಬೋರಿಗಿಂತ ಎಷ್ಟೋ ಮೆದು, ಆದರೆ ಕಾಲಕ್ಕೆ ತಕ್ಕಂತೆ ಬದಲಾಗುವುದರಿಂದ ಪ್ರತಿ ಸಲ ಅಳೆಯಲೇಬೇಕು.

ಡ್ರಮ್ಮಿನ ನೀರನ್ನು ತಿಂಗಳುಗಟ್ಟಲೆ ವಾಸನೆ ಬಾರದಂತೆ ಇಡುವ ಬಗೆಯನ್ನೂ, ಮೊಟ್ಟೆಗೆ ಮುನ್ನ ನಾನು ಮಾಡುವ ಕೊನೆಯ ನೀರಿನ ಬದಲಾವಣೆಯನ್ನೂ ಸದ್ಯಕ್ಕೆ ನನ್ನಲ್ಲೇ ಉಳಿಸಿಕೊಳ್ಳುತ್ತೇನೆ. ವಾರಕ್ಕೆ 60 ಲೀಟರು ಬದಲಿಸುವುದರಿಂದ 50 ಲೀಟರು ಮಳೆಯ ನೀರು ಖರ್ಚಾಗುತ್ತದೆ. ಸ್ವಾತಿಗೆ ತುಂಬಿದ ನಾಲ್ಕು ಡ್ರಮ್ಮು ಶಿವರಾತ್ರಿಯ ಹೊತ್ತಿಗೆ ಬರಿದಾಗುತ್ತವೆ. ಮಿರಗದವರೆಗೆ ಎಳೆಯಲು ಇನ್ನೂ ನಾಲ್ಕೈದು ಬೇಕು, ಹಳೆಯ ಡ್ರಮ್ಮಿಗೆ ಈಗ ಒಂಬೈನೂರರ ಮೇಲೆ ಬೆಲೆಯಿದೆ.