ಲಾವ್ಕಾದ ಎತ್ತರಕ್ಕೆ ಮೆಲ್ಲಗೆ: ಅರೀಕಾದಿಂದ ಚುಂಗರಾ ಸರೋವರದ ತನಕ

ಚಿಲಿ ದೇಶದ ಉತ್ತರದ ತುತ್ತತುದಿಯಲ್ಲಿ ಸಮುದ್ರಕ್ಕೆ ಅಂಟಿಕೊಂಡ ಊರು ಅರೀಕಾ. ಅಲ್ಲಿಂದ ಬೊಲಿವಿಯಾ ಗಡಿಗೆ ಹೋಗುವ 11ನೇ ಹೆದ್ದಾರಿ ಸುಮಾರು 190 ಕಿಲೋಮೀಟರಿನಲ್ಲಿ ಲಾವ್ಕಾ ರಾಷ್ಟ್ರೀಯ ಉದ್ಯಾನದ ಚುಂಗರಾ ಸರೋವರದ ದಡ ಮುಟ್ಟಿಸುತ್ತದೆ. ಆ ದಡ ಇರುವುದು 4,500 ಮೀಟರ್‌ಗೂ ತುಸು ಮೇಲೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಇದು ಅದರ ಎರಡು ಪಟ್ಟು ದಾಟಿದ ಎತ್ತರ. ರಸ್ತೆ ಉದ್ದಕ್ಕೂ ಡಾಂಬರು, ಆದ್ದರಿಂದ ಬೆಳಗ್ಗೆ ಹೊರಟು ಸಂಜೆಗೆ ವಾಪಸ್ ಕರೆತರುವ ಪ್ರವಾಸಿ ವ್ಯಾನುಗಳೂ ಇವೆ. ಆ ಒಂದು ದಿನದ ಪ್ರವಾಸಕ್ಕೆ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಚುಂಗರಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ನೂರಕ್ಕೆ 57ರಷ್ಟು ಮಾತ್ರ. ಬೆಳಗಿನ ತಿಂಡಿಯನ್ನು ಕಡಲತೀರದಲ್ಲಿ ತಿಂದ ದೇಹ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿ ತಲೆನೋವು, ವಾಕರಿಕೆಯಲ್ಲಿ ಒದ್ದಾಡುತ್ತದೆ. ಅಷ್ಟೇ ಅಲ್ಲ, ವ್ಯಾನು ತಲುಪುವ ಹೊತ್ತಿಗೆ ಗಾಳಿ ಎದ್ದಿರುತ್ತದೆ, ನೀರು ಕದಡಿರುತ್ತದೆ, ಬೆಳಗಿನ ಪ್ರಾಣಿಗಳೆಲ್ಲ ಮರೆಯಾಗಿರುತ್ತವೆ. ದೇಹಕ್ಕೆ ಬೇಕಾದ ನಿಧಾನವೇ ಪ್ರಾಣಿಗಳನ್ನು ನೋಡಲಿಕ್ಕೂ ಬೇಕು. ನನ್ನ ಯೋಜನೆಯೆಲ್ಲ ನಿಂತಿರುವುದು ಇದೊಂದರ ಮೇಲೆ.

ಹತ್ತುವ ಲೆಕ್ಕ

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎಂಬುದು ಎತ್ತರದ ವೈದ್ಯರ ಸಾಮಾನ್ಯ ನಿಯಮ. ಎಲ್ಲರೂ ತಂಗುವ ಪುತ್ರೆ ಎಂಬ ಹಳ್ಳಿ 3,500 ಮೀಟರಿನಲ್ಲಿದೆ. ಅರೀಕಾದಿಂದ ನೇರ ಅಲ್ಲಿಗೆ ಹೋಗುವುದೇ ದೊಡ್ಡ ನೆಗೆತ. ಒಂದು ದಿನ ಕೈಯಲ್ಲಿದ್ದರೆ ಮೊದಲ ರಾತ್ರಿಯನ್ನು ಕೆಳಗಿನ ಊರಿನಲ್ಲಿ ಕಳೆಯಿರಿ. ಸುಮಾರು 3,000 ಮೀಟರಿನ ಸೊಕೊರೋಮಾ ಹೆದ್ದಾರಿಯಿಂದ ಕೊಂಚವೇ ಒಳಗಿದೆ. ಇನ್ನೂ ಕೆಳಗೆ ಬೇಕೆಂದರೆ ಬೇರೆ ದಾರಿಯಲ್ಲಿ ಕೋದ್ಪಾ ಕಣಿವೆಯಿದೆ, 2,000 ಮೀಟರ್‌ಗೂ ಕೆಳಗೆ. ಅಲ್ಲಿಂದ ಬೆಲೆನ್ ಹಳ್ಳಿಯ ಮೇಲಿನ ಬೆಟ್ಟದ ದಾರಿ ಹಿಡಿದು ಪುತ್ರೆ ಸೇರಬಹುದು. ದಿನ ಇಲ್ಲದವರು ಪುತ್ರೆಯಲ್ಲಿ ಎರಡು ರಾತ್ರಿ ಮಲಗಿಯೇ ಮೇಲಕ್ಕೆ ಹೋಗಬೇಕು. ಇದಕ್ಕಿಂತ ಕಡಿಮೆ ಬೇಡ.

ಮಾತ್ರೆಯ ವಿಷಯ. ಅಸೆಟಝೋಲಮೈಡ್ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ ಶುರು ಎಂಬುದು ವಯಸ್ಕರಿಗೆ ಸಾಮಾನ್ಯವಾಗಿ ಬರೆಯುವ ಕ್ರಮ. ಊರಿನಲ್ಲೇ ವೈದ್ಯರನ್ನು ಕೇಳಿ ತರಬೇಕು. ಸಲ್ಫಾ ಔಷಧ ಒಗ್ಗದವರು, ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಮೊದಲೇ ಹೇಳಬೇಕು. ತೆಗೆದುಕೊಂಡರೆ ಬೆರಳ ತುದಿ ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಸೋಡಾದ ರುಚಿ ಸಪ್ಪೆಯಾಗುತ್ತದೆ. ಗಾಬರಿ ಬೇಡ, ಅದು ಮಾತ್ರೆಯ ಗುಣ. ಪುತ್ರೆಯಲ್ಲಿ ಕೋಕಾ ಎಲೆಯ ಕಷಾಯ, ಚಚಕೋಮಾ ಎಂಬ ಬೆಟ್ಟದ ಗಿಡದ ಕಷಾಯ ಸಿಗುತ್ತವೆ. ಕುಡಿದರೆ ಹಿತ, ಆದರೆ ಅವುಗಳನ್ನೇ ನಂಬಿ ಒಂದು ರಾತ್ರಿ ಉಳಿಸುವ ಲೆಕ್ಕ ಹಾಕಬೇಡಿ. ಕೋಕಾ ಎಲೆಯನ್ನು ಭಾರತಕ್ಕೆ ತರುವುದು ಅಪರಾಧ. ಚೀಲದ ಮೂಲೆಯಲ್ಲಿ ಒಂದೆಸಳೂ ಉಳಿಯದಂತೆ ನೋಡಿಕೊಳ್ಳಿ.

ಸಣ್ಣ ತಲೆನೋವು ಸಹಜ. ತಲೆನೋವಿನ ಜೊತೆಗೆ ವಾಂತಿಯಾದರೆ ಅಂದು ಮೇಲೆ ಹೋಗುವುದಿಲ್ಲ. ಸುಮ್ಮನೆ ಕೂತಾಗಲೂ ಏದುಸಿರು, ಒಣಕೆಮ್ಮು ಬಂದರೆ ಅದು ಶ್ವಾಸಕೋಶಕ್ಕೆ ನೀರಿಳಿಯುವ ಸೂಚನೆ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ಮಿದುಳು ಬಾತಿದೆ ಎಂದೇ ತಿಳಿಯಬೇಕು. ಇವೆರಡಕ್ಕೂ ಮೊದಲ ಮದ್ದು ಕೆಳಗಿಳಿಯುವುದು, ರಾತ್ರಿಯಾದರೂ ಸರಿ. ಚುಂಗರಾದಿಂದ ಪುತ್ರೆ ಸುಮಾರು 50 ಕಿಲೋಮೀಟರ್, ಒಂದು ಗಂಟೆಯ ಆಸುಪಾಸಿನಲ್ಲಿ 1,000 ಮೀಟರ್ ಇಳಿದಿರುತ್ತೀರಿ. ಅಲ್ಲೂ ಸುಧಾರಿಸದಿದ್ದರೆ ಇನ್ನೆರಡು ಮೂರು ಗಂಟೆಯಲ್ಲಿ ಕಡಲತೀರ. ಎತ್ತರದ ಆಂಡಿಸ್‌ಗೆ ಮೊದಲ ಸಲ ಬರುವವರಿಗೆ ನಾನು ಲಾವ್ಕಾವನ್ನೇ ಹೇಳುವುದು ಇದಕ್ಕಾಗಿ: ಇಳಿಯುವ ದಾರಿ ಇಷ್ಟು ಸಲೀಸಾಗಿ ಸಿಗುವ ಜಾಗಗಳು ಕಡಿಮೆ.

ದಾರಿಯಲ್ಲೇ ಶುರು

ರಸ್ತೆ ಮೊದಲು ಯೂತಾ ಕಣಿವೆಯ ಹಸಿರಿನಲ್ಲಿ ಸಾಗುತ್ತದೆ. ಬೆಟ್ಟದ ಬೋಳು ಇಳಿಜಾರಿನಲ್ಲಿ ಕಲ್ಲು ಜೋಡಿಸಿ ಬಿಡಿಸಿದ ಹಳೆಯ ಚಿತ್ರಗಳು ಕಾಣುತ್ತವೆ; ಅವುಗಳ ಹತ್ತಿರ ಹತ್ತಬಾರದು, ಕಲ್ಲು ಜಾರಿದರೆ ಚಿತ್ರ ಹೋಯಿತು. ಆಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಮರುಭೂಮಿ. 2,000 ಮೀಟರ್ ಬರುತ್ತಿದ್ದಂತೆ ಕ್ಯಾಂಡೆಲಾಬ್ರೋ ಪಾಪಾಸುಕಳ್ಳಿ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತದೆ. ಕಾಂಡದ ತುಂಬ ಉದ್ದ ಮುಳ್ಳು, ನೆತ್ತಿಯಲ್ಲಿ ಮಾತ್ರ ಕೊಂಬೆಗಳ ಗೊಂಚಲು. 2,800 ಮೀಟರ್ ಆಗುವಷ್ಟರಲ್ಲಿ ಅದು ಮಾಯ. ಇಲ್ಲಿ ಅರ್ಧ ಗಂಟೆ ನಿಲ್ಲುವುದರಿಂದ ದೇಹಕ್ಕೂ ಉಪಕಾರ. ಇನ್ನೂ ಮೇಲೆ, ಕೊಪಾಕಿಯಾದ ಹಳೆಯ ಕೋಟೆಯ ಸುತ್ತಮುತ್ತಲ ಇಳಿಜಾರುಗಳಲ್ಲಿ ಗ್ವಾನಾಕೋ ಹುಡುಕಿ.

ಒಂಟೆಯ ಬಳಗದ ನಾಲ್ಕು ಪ್ರಾಣಿಗಳನ್ನು ಬಹಳ ಮಂದಿ ಕಲಸಿಬಿಡುತ್ತಾರೆ. ಗ್ವಾನಾಕೋ ಕಾಡುಪ್ರಾಣಿ, ಗಾತ್ರ ದೊಡ್ಡದು, ಮುಖ ಬೂದುಗಪ್ಪು. ವಿಕೂನ್ಯಾವೂ ಕಾಡಿನದೇ, ಆದರೆ ಕೃಶ; ತೂಕ 45 ಕಿಲೋ ಆಸುಪಾಸು, ದಾಲ್ಚಿನ್ನಿ ಬಣ್ಣದ ಬೆನ್ನು, ಎದೆಯಲ್ಲಿ ಇಳಿಬಿದ್ದ ಬಿಳಿ ಕೂದಲು, ಮುಖ ಕಪ್ಪಾಗಿರುವುದಿಲ್ಲ. ಲಾಮಾ, ಅಲ್ಪಾಕಾ ಎರಡೂ ಸಾಕಿದವು: ಬಾಳೆಹಣ್ಣಿನಂತೆ ಬಾಗಿದ ಉದ್ದ ಕಿವಿಯಿದ್ದರೆ ಲಾಮಾ, ಮೋಟು ಮುಖ, ದಟ್ಟ ಉಣ್ಣೆಯಿದ್ದರೆ ಅಲ್ಪಾಕಾ. ಕಿವಿಯಲ್ಲಿ ಬಣ್ಣದ ಉಣ್ಣೆಯ ಗೊಂಡೆ ಕಂಡರೆ ಅದಕ್ಕೆ ಇಲ್ಲಿನ ಮೂಲನಿವಾಸಿಗಳಾದ ಐಮಾರಾ ಜನರಲ್ಲೊಬ್ಬ ಒಡೆಯರಿದ್ದಾರೆ ಎಂದರ್ಥ. ಫೋಟೋ ತೆಗೆಯುವ ಮೊದಲು ಕೇಳಿ.

ಪುತ್ರೆಯ ದಿನಗಳು ಕಾಯುವ ದಿನಗಳಲ್ಲ. ಹಳ್ಳಿಯ ಕೆಳಗಿನ ಮೆಟ್ಟಿಲುಗದ್ದೆಗಳಲ್ಲಿ ಓರೆಗಾನೋ, ಕುದುರೆಮೆಂತ್ಯ ಬೆಳೆಯುತ್ತಾರೆ. ನಸುಕಿನಲ್ಲಿ ಆ ಮೆಂತ್ಯದ ಹೊಲಗಳಿಗೆ ತರೂಕಾ ಎಂಬ ಆಂಡಿಸ್ ಜಿಂಕೆ ಮೇಯಲು ಬರುವುದುಂಟು. ಚಿಲಿಯಲ್ಲಿ ಇದು ಈ ಉತ್ತರದ ಬೆಟ್ಟಗಳಲ್ಲಷ್ಟೇ ಉಳಿದಿದೆ. ಹೊಲದ ಅಂಚಿನ ಹೂಗಳಿಗೆ ಝೇಂಕಾರದ ಹಕ್ಕಿಗಳು ಬರುತ್ತವೆ. ಇಳಿಜಾರಿನಲ್ಲಿ ನಿಧಾನ ನಡೆಯುವುದು, ಸಂಜೆ ಹೊಟ್ಟೆ ಹಗುರಾಗಿರುವಂತೆ ಉಣ್ಣುವುದು, ಮದ್ಯ ಮುಟ್ಟದಿರುವುದು, ಇಷ್ಟೇ ಆ ದಿನಗಳ ಕೆಲಸ.

ಉದ್ಯಾನದೊಳಗೆ

ಲಾವ್ಕಾ ರಾಷ್ಟ್ರೀಯ ಉದ್ಯಾನ 1970ರಲ್ಲಿ ಆಯಿತು. 1981ರಲ್ಲಿ ಯುನೆಸ್ಕೋ ಇದನ್ನು ಜೀವಗೋಳ ಮೀಸಲು ಪ್ರದೇಶವೆಂದು ಸಾರಿತು. ಸುಮಾರು 4,400 ಮೀಟರಿನ ಲಾಸ್ ಕ್ವೇವಾಸ್‌ಗೆ ಸೂರ್ಯ ಬಂಡೆಗಳನ್ನು ಮುಟ್ಟುವ ಹೊತ್ತಿಗೆ ಇರಬೇಕು. ಅಲ್ಲಿನ ಬಂಡೆಗಳಲ್ಲಿ ವಿಸ್ಕಾಚಾ ವಾಸ. ನೋಡಲಿಕ್ಕೆ ಮೊಲ, ಬಳಗ ಚಿಂಚಿಲಾ ಎಂಬ ದಂಶಕದ್ದು. ರಾತ್ರಿಯ ಕೊರೆತ ಕಳೆಯಲು ಪೂರ್ವಕ್ಕೆ ಮುಖ ಮಾಡಿದ ಬಂಡೆಯ ಮೇಲೆ ಬಂದು ಕೂರುತ್ತದೆ: ಮುಂಗಾಲು ಎದೆಗೆ ಒತ್ತಿಕೊಂಡು, ಕಣ್ಣು ಅರೆಮುಚ್ಚಿ, ಉದ್ದ ಮೀಸೆ ಗದ್ದದ ಕೆಳಗೆ ಜೋತುಬಿಟ್ಟು, ಬಾಲದ ತುದಿ ಸುರುಳಿ ಸುತ್ತಿ. ಬಣ್ಣ ಕಲ್ಲಿನದೇ, ಆದ್ದರಿಂದ ಬರಿಗಣ್ಣಿಗೆ ಕಲ್ಲೇ ಕಾಣುತ್ತದೆ. ಬಂಡೆಸಾಲನ್ನು 8×42 ದುರ್ಬೀನಿನಲ್ಲಿ ಎಡದಿಂದ ಬಲಕ್ಕೆ ಅಂಗುಲ ಅಂಗುಲವಾಗಿ ಜಾಲಾಡಬೇಕು. ಮೊದಲು ಸಿಗುವುದು ಕಿವಿಯ ಅಂಚು ಅಥವಾ ಮೀಸೆ. ಬಿಸಿಲೇರಿದ ಮೇಲೆ ಬಿರುಕಿನೊಳಗೆ ಸೇರಿದರೆ ಮತ್ತೆ ಸಂಜೆಯೇ.

ವಿಕೂನ್ಯಾ ನೋಡಲು ಕಾರಿನೊಳಗೇ ಕೂತಿರಿ. ನಿಂತ ಕಾರಿಗೆ ಅವು ಹೆದರುವುದಿಲ್ಲ, ಬಾಗಿಲು ತೆಗೆದ ಸದ್ದಿಗೆ ಓಡುತ್ತವೆ. ಒಂದು ಗಂಡು, ಕೆಲವು ಹೆಣ್ಣು, ಮರಿಗಳು, ಇದು ಒಂದು ಸಂಸಾರ. ಗಂಡು ಸದಾ ಸ್ವಲ್ಪ ದೂರ, ಎತ್ತರದ ಜಾಗದಲ್ಲಿ ನಿಂತಿರುತ್ತದೆ. ಎಲ್ಲವೂ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತವೆ. ಆ ಕಪ್ಪು ಗುಡ್ಡೆಗಳೇ ಗಡಿಗುರುತು. ಹೊಸ ಹಿಕ್ಕೆಯಿರುವ ಗುಡ್ಡೆ ಕಂಡರೆ ಅಲ್ಲೇ ಕಾಯಿರಿ, ಸಂಸಾರ ಬರುತ್ತದೆ. 1960ರ ದಶಕದಲ್ಲಿ ಉಣ್ಣೆಗಾಗಿ ಕೊಂದು ಕೊಂದು ಇಡೀ ಆಂಡಿಸ್‌ನಲ್ಲಿ ಹತ್ತು ಸಾವಿರದ ಆಸುಪಾಸಿಗೆ ಇಳಿದಿದ್ದ ಪ್ರಾಣಿ ಇದು. 1979ರ ಒಪ್ಪಂದದ ಬಲದಿಂದ ದೇಶಗಳು ಕೂಡಿ ಉಳಿಸಿಕೊಂಡವು. ಇಂದು ಹೆದ್ದಾರಿಯ ಪಕ್ಕದಲ್ಲೇ ಮೇಯುವುದನ್ನು ನೋಡಿದರೆ ಸಂತೋಷವಾಗುತ್ತದೆ.

ಪಾರಿನಾಕೋಟಾ ಹಳ್ಳಿಯ ಸುತ್ತಲಿನ ಬೊಫೆಡಾಲ್, ಅಂದರೆ ನೀರು ಹೀರಿ ಮೆತ್ತೆಗಟ್ಟಿದ ಹುಲ್ಲಿನ ಜೌಗು, ಈ ಬರಡು ನೆಲದ ಜೀವನಾಡಿ. ಬಿಳಿ ಮೈ ಕಪ್ಪು ರೆಕ್ಕೆಯ ಗ್ವಯಾತಾ ಹೆಬ್ಬಾತುಗಳು ಇಲ್ಲಿ ಜೋಡಿ ಜೋಡಿಯಾಗಿ ಮೇಯುತ್ತವೆ. ಈ ಜೌಗಿನ ಮೇಲೆ ಕಾಲಿಡಬೇಡಿ. ತುಳಿದ ಗುರುತು ಬೇಗ ಮಾಸುವುದಿಲ್ಲ, ಹಳ್ಳಿಗರ ಅಲ್ಪಾಕಾಗಳಿಗೆ ಬೇರೆ ಮೇವಿಲ್ಲ. ಯರೇತಾಕ್ಕೂ ಇದೇ ಮಾತು. ಬಂಡೆಗೆ ಹಸಿರು ಬಣ್ಣ ಬಳಿದಂತೆ ಕಾಣುವ ಅದು ಗಿಡ. ವರ್ಷಕ್ಕೆ ಸುಮಾರು ಒಂದೂವರೆ ಸೆಂಟಿಮೀಟರ್ ಬೆಳೆಯುತ್ತದೆ. ಮೀಟರುಗಟ್ಟಲೆ ಹರಡಿದ ಗುಪ್ಪೆಯ ವಯಸ್ಸನ್ನು ನೀವೇ ಲೆಕ್ಕ ಹಾಕಿ. ಗೋಂದು ತುಂಬಿದ ಇದನ್ನು ಒಂದು ಕಾಲದಲ್ಲಿ ಗಣಿಗಳ ಉರುವಲಿಗೆ ಕಡಿದು ಸಾಗಿಸಿದರು. ಫೋಟೋಗೆಂದು ಅದರ ಮೇಲೆ ಹತ್ತುವವರನ್ನು ಕಂಡರೆ ತಡೆಯಿರಿ.

ಕೋಟಾಕೋಟಾನಿಯ ಕೆರೆಗಳನ್ನು ರಸ್ತೆ ಬದಿಯ ಕಟ್ಟೆಯಿಂದ ನೋಡಿದರೆ ನೆಲದ ಕಥೆ ತಿಳಿಯುತ್ತದೆ. ಪಾರಿನಾಕೋಟಾ ಜ್ವಾಲಾಮುಖಿಯ ಒಂದು ಮಗ್ಗುಲು ಹಿಂದೆಂದೋ ಕುಸಿದು ಹರಡಿತು. ಆ ರಾಶಿ ಹೊಳೆಗೆ ಅಡ್ಡಗಟ್ಟಿ ಹಿಂದೆ ಚುಂಗರಾ ನಿಂತಿತು, ರಾಶಿಯ ತಗ್ಗುಗಳಲ್ಲಿ ಈ ಕೆರೆಗಳು ತುಂಬಿದವು. ಚುಂಗರಾದ ನೀರು ಕಲ್ಲಿನೊಳಗೆ ಜಿನುಗಿ ಇಲ್ಲಿಗೆ ಬರುತ್ತದೆ. ಮುಂದೆ ಲಾವ್ಕಾ ನದಿ ಬೊಲಿವಿಯಾಕ್ಕೆ ಹರಿಯುತ್ತದೆ. 1962ರಲ್ಲಿ ಚಿಲಿ ಇದರ ನೀರನ್ನು ಅಸಾಪಾ ಕಣಿವೆಗೆ ತಿರುಗಿಸಿದಾಗ ಎರಡೂ ದೇಶಗಳ ರಾಜತಾಂತ್ರಿಕ ಸಂಬಂಧವೇ ಕಡಿಯಿತು.

ಚುಂಗರಾದಲ್ಲಿ ಪಾರಿನಾಕೋಟಾದ ಪ್ರತಿಬಿಂಬ ಬೇಕಿದ್ದರೆ ಬೆಳಗ್ಗೆ ಹತ್ತರೊಳಗೆ. ಕ್ಯಾಮೆರಾಕ್ಕೆ ಪೋಲರೈಸರ್ (ಆಕಾಶದ ನೀಲಿಯನ್ನು ಗಾಢವಾಗಿಸುವ ಗಾಜು) ಹಾಕಬೇಡಿ, ಈ ಎತ್ತರದಲ್ಲಿ ಆಕಾಶ ಮೊದಲೇ ಗಾಢ, ಅದು ಮಸಿಯಾಗಿಬಿಡುತ್ತದೆ. ನನಗೆ ಇಲ್ಲಿನ ನಿಜವಾದ ಆಕರ್ಷಣೆ ತಾಗ್ವಾ, ದೈತ್ಯ ನಾಮದಕೋಳಿ. ಎರಡು ಕಿಲೋ ಮೀರಿದ ತೂಕ, ಕೆಂಪು ಕಾಲು. ಬೆಳೆದ ಹಕ್ಕಿ ಹಾರುವುದೇ ಇಲ್ಲವೆನ್ನಬಹುದು. ನೀರಗಿಡಗಳನ್ನು ಕಿತ್ತು ತಂದು ಒಟ್ಟಿ ಮೂರು ಮೀಟರ್ ಅಗಲದ ಗೂಡು ಕಟ್ಟುತ್ತದೆ, ವರ್ಷ ವರ್ಷ ಅದೇ ಗೂಡಿಗೆ ಮತ್ತಷ್ಟು ಸೇರಿಸುತ್ತದೆ. ದಡದಲ್ಲಿ ಅರ್ಧ ಗಂಟೆ ಅಲುಗದೆ ಕೂತರೆ ಗಂಡು ಹೆಣ್ಣು ಎರಡೂ ಕೊಕ್ಕಿನಲ್ಲಿ ಒದ್ದೆ ಗಿಡ ಎಳೆದು ತರುವುದನ್ನೂ ಪಕ್ಕದ ಗೂಡಿನವರನ್ನು ಅಟ್ಟುವುದನ್ನೂ ನೋಡಬಹುದು.

ರಾಜಹಂಸಗಳಲ್ಲಿ ಮೂರು ಜಾತಿ. ಕಾಲು ಬೂದು, ಮಂಡಿ ಮಾತ್ರ ಕೆಂಪಾದರೆ ಚಿಲಿಯ ಜಾತಿ. ಕಾಲು ಹಳದಿ, ಹಿಂಭಾಗದಲ್ಲಿ ದೊಡ್ಡ ಕಪ್ಪು ತ್ರಿಕೋನವಾದರೆ ಆಂಡಿಸ್ ಜಾತಿ. ಕಾಲು ಇಟ್ಟಿಗೆಗೆಂಪು, ಹಳದಿ ಕೊಕ್ಕಿನ ತುದಿಯಷ್ಟೇ ಕಪ್ಪಾದರೆ ಜೇಮ್ಸ್ ಜಾತಿ. ಅಳಿದೇ ಹೋಯಿತು ಎಂದುಕೊಂಡಿದ್ದ ಇದು 1950ರ ದಶಕದಲ್ಲಿ ಮತ್ತೆ ಸಿಕ್ಕಿತು. ಮೂರನ್ನೂ ಒಟ್ಟಿಗೆ ನೋಡಲು ದಕ್ಷಿಣದ ಸುರೀರೆ ಉಪ್ಪುಬಯಲಿಗೆ ಹೋಗಬೇಕು. ಮೇಯುತ್ತಿದ್ದ ತಲೆಗಳು ಮೇಲೆದ್ದರೆ ಅಲ್ಲೇ ನಿಲ್ಲಿ. ಅವು ಹಾರಿದರೆ ತಪ್ಪು ನಿಮ್ಮದು.

ಸುರೀರೆಯ ವಿಷಯದಲ್ಲಿ ಎಚ್ಚರ ಬೇಕು. 4,200 ಮೀಟರ್ ಮೀರಿದ ಎತ್ತರ, ಮಣ್ಣುರಸ್ತೆ, ಮೊಬೈಲ್ ಸಿಗ್ನಲ್ ಇಲ್ಲ. ಮುಖ್ಯವಾಗಿ, ಅಲ್ಲಿ ಯಾರಿಗಾದರೂ ಕಾಯಿಲೆಯಾದರೆ ಬೇಗ ಇಳಿಯುವ ದಾರಿಯಿಲ್ಲ. ಗಂಟೆಗಟ್ಟಲೆ ಅದೇ ಎತ್ತರದಲ್ಲೇ ಸಾಗಬೇಕು. ಪುತ್ರೆಯಲ್ಲಿ ಮೂರು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವರು ಮಾತ್ರ ಹೋಗಲಿ.

ಗಾಡಿ, ಊಟ, ಕಾಲ

ಅರೀಕಾದಲ್ಲೇ ಟ್ಯಾಂಕ್ ಪೂರ್ತಿ ತುಂಬಿಸಿ. ಟರ್ಬೋ ಇಲ್ಲದ ಎಂಜಿನ್ ಪ್ರತಿ 1,000 ಮೀಟರಿಗೆ ನೂರಕ್ಕೆ ಹತ್ತರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಚುಂಗರಾದಲ್ಲಿ ಅರ್ಧದ ಹತ್ತಿರ ಹೋಗಿರುತ್ತದೆ. ಬೊಲಿವಿಯಾದ ಲಾರಿಗಳನ್ನು ಏರಿನಲ್ಲಿ ಹಿಂದಿಕ್ಕುವ ಮುಂಚೆ ಇದು ನೆನಪಿರಲಿ. ಹೊರಗಿನ ಒತ್ತಡ ಇಳಿದದ್ದರಿಂದ ಟೈರಿನ ಗೇಜು ಕೆಲವು ಪಾಯಿಂಟ್ ಹೆಚ್ಚು ತೋರಿಸಬಹುದು. ಗಾಳಿ ಬಿಡಬೇಡಿ, ಕೆಳಗೆ ಬಂದಾಗ ಕಡಿಮೆಯಾಗುತ್ತದೆ.

ಈ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 85 ಡಿಗ್ರಿಗೆ. ಕುಕ್ಕರಿಲ್ಲದೆ ಬೇಳೆ ಬೇಯುವುದಿಲ್ಲ, ಅನ್ನವೂ ಕಷ್ಟ. ಅವಲಕ್ಕಿ, ಚಟ್ನಿಪುಡಿ ಇದ್ದರೆ ಥರ್ಮಾಸಿನ ಬಿಸಿನೀರಿನಲ್ಲೇ ಊಟ ಮುಗಿಯುತ್ತದೆ. ಆದರೆ ಚಿಲಿಗೆ ಬಂದಿಳಿದಾಗ ಸಸ್ಯ, ಪ್ರಾಣಿ ಮೂಲದ ತಿನಿಸೆಲ್ಲವನ್ನೂ ಫಾರಂನಲ್ಲಿ ಬರೆದು ತೋರಿಸಲೇಬೇಕು. ಬಚ್ಚಿಟ್ಟರೆ ದಂಡ, ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ.

ಏಪ್ರಿಲ್‌ನಿಂದ ನವೆಂಬರ್‌ವರೆಗೆ ಒಣಹವೆ. ಜೂನ್, ಜುಲೈ ರಾತ್ರಿಗಳಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗೆ ಹೋಗುತ್ತದೆ. ಕ್ಯಾಮೆರಾದ ಬ್ಯಾಟರಿಯನ್ನು ಒಳಜೇಬಿನಲ್ಲಿಡಿ. ಜನವರಿ, ಫೆಬ್ರವರಿ ಇಲ್ಲಿನ ಮಳೆಗಾಲ, ಮಧ್ಯಾಹ್ನ ಗುಡುಗು ಸಿಡಿಲು, ಮಣ್ಣುರಸ್ತೆಗಳು ಕೊಚ್ಚಿಹೋಗುತ್ತವೆ. ಗಡಿಠಾಣೆ ಸರೋವರದ ಪಕ್ಕದಲ್ಲೇ ಇರುವುದರಿಂದ ಪಾಸ್‌ಪೋರ್ಟ್ ಜೊತೆಗಿರಲಿ. ಗಡಿಯ ಶಿಖರ ಹತ್ತುವ ವಿದೇಶಿಯರಿಗೆ ಮುಂಚಿತವಾಗಿ ಸರ್ಕಾರದ ಅನುಮತಿ ಬೇಕು.

ವಾಪಸ್ ಬರುವಾಗ ಪುತ್ರೆಯಿಂದ ಕಡಲಿಗೆ 3,500 ಮೀಟರ್ ಇಳಿತ, ಸುಮಾರು 145 ಕಿಲೋಮೀಟರ್. ಬ್ರೇಕನ್ನೇ ತುಳಿಯುತ್ತ ಬಂದರೆ ಅದು ಕಾದು ಹಿಡಿತ ಬಿಡುತ್ತದೆ. ಎರಡನೇ ಮೂರನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಇಳಿಸಿ. ಕರಾವಳಿಯ ಹತ್ತಿರ ಸಂಜೆ ಮಂಜು ಕವಿಯುವುದರಿಂದ, ಕತ್ತಲಾಗುವ ಮುಂಚೆ ಯೂತಾ ಕಣಿವೆ ದಾಟುವಂತೆ ಪುತ್ರೆಯಿಂದ ಮಧ್ಯಾಹ್ನ ಎರಡರೊಳಗೆ ಹೊರಡಿ.